ಹಳೆಯ ರೇಸ್ ಸೈಕಲ್ಲಿಗೆ ಗೇರು ಹಿಡಿಕೆ, ತಂತಿ ಕೂಡಿಸುವ ಬಗೆ



ಕಿರುತೆರೆಯ ಮೇಲೆ ಕೈಕೆಲಸವನ್ನು ನೋಡುವಾಗ ಎಲ್ಲವೂ ಸುಲಭವೆನಿಸುತ್ತದೆ. ಮರುದಿನ ಪಾನಾ ಹಿಡಿದು ಕುಳಿತಾಗ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮರೆತುಹೋಗಿರುತ್ತದೆ. ಅದಕ್ಕೆಂದೇ ಈ ಬರಹ. ಇದನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಹಂತವನ್ನೂ ಓದುತ್ತ ಕೆಲಸ ಮಾಡಿರಿ. ಅವಸರ ಬೇಡ. ಮೊದಲ ಸಲ ಮಾಡುವವರಿಗೆ ಒಂದು ಮಧ್ಯಾಹ್ನ ಬೇಕಾದೀತು.

ಸೈಕಲ್ಲಿನ ಮಾತು ಬಂದಾಗ ವಿಜಯಪುರ, ಬಾಗಲಕೋಟೆ ಸೀಮೆಯನ್ನು ನೆನೆಯದೆ ಇರುವಂತಿಲ್ಲ. 1997ರವರೆಗೆ ಒಂದೇ ಜಿಲ್ಲೆಯಾಗಿದ್ದ ಈ ನೆಲ ರಾಜ್ಯಕ್ಕೂ ರಾಷ್ಟ್ರಕ್ಕೂ ಎಷ್ಟೋ ಸೈಕಲ್ ಪಟುಗಳನ್ನು ಕೊಟ್ಟಿದೆ. ವಿಜಯಪುರದ ಕ್ರೀಡಾ ವಸತಿ ನಿಲಯ, ಬೆಳಗಾವಿ ಜಿಲ್ಲೆಯ ಚಂದರಗಿಯ ಕ್ರೀಡಾ ಶಾಲೆ ಇವುಗಳ ಹೆಸರು ಸೈಕಲ್ ಬಲ್ಲವರಿಗೆಲ್ಲ ಗೊತ್ತು. ಹಳ್ಳಿಯ ಜಾತ್ರೆಗಳಲ್ಲಿ ಸೈಕಲ್ ಪಂದ್ಯ ಇಡುವ ವಾಡಿಕೆಯೂ ಇಲ್ಲಿ ಉಂಟು. ಬಸವನ ಬಾಗೇವಾಡಿ ಸೀಮೆಯ ಮುಳವಾಡದಂಥ ಊರಿನಲ್ಲಿ, ವಿಜಯಪುರದಿಂದ ಕೊಲ್ಹಾರದ ಕಡೆಗೆ ಸಾಗುವ ಹೆದ್ದಾರಿಯ ಅಂಚಿನಲ್ಲಿ, ಬೆಳಗಿನ ಜಾವಕ್ಕೆ ತಲೆ ಬಗ್ಗಿಸಿ ಪೆಡಲ್ ತುಳಿಯುವ ಹುಡುಗ ಹುಡುಗಿಯರು ಯಾರಿಗೂ ಬೆರಗಿನ ನೋಟವಲ್ಲ.

ಆದರೆ ಇಂದಿನ ಹೊಸ ರೇಸ್ ಸೈಕಲ್ಲಿನ ಬೆಲೆ ಲಕ್ಷದ ಲೆಕ್ಕದಲ್ಲಿದೆ. ಒಕ್ಕಲುತನದ ಮನೆಯ ಮಗುವಿನ ಕೈಗೆ ಮೊದಲು ಬರುವುದು ಸಾಮಾನ್ಯವಾಗಿ ಯಾರೋ ಹಿರಿಯರು ಓಡಿಸಿ ಬಿಟ್ಟ ಉಕ್ಕಿನ ಸೈಕಲ್ಲು. ಅದರ ಚೌಕಟ್ಟು ಗಟ್ಟಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಗೇರು. ತಂತಿ ತುಕ್ಕು ಹಿಡಿದಿರುತ್ತದೆ, ಹಿಡಿಕೆ ಸಡಿಲಾಗಿರುತ್ತದೆ. ಮನೆಯವರು ‘ಇದು ಗುಜರಿಗೆ ಹಾಕುವ ಮಾಲು’ ಎನ್ನುತ್ತಾರೆ. ನಿಜವಾಗಿ ನೋಡಿದರೆ ಒಂದು ತಂತಿ, ಒಂದು ಗೇಣು ಹೊರಕವಚ, ನಾಲ್ಕು ವಾಷರು, ಒಂದು ಮಧ್ಯಾಹ್ನದ ಕೆಲಸ ಇಷ್ಟರಿಂದ ಆ ಸೈಕಲ್ಲು ಮತ್ತೆ ರಸ್ತೆಗಿಳಿಯುತ್ತದೆ. ಒಂದು ಮಗುವಿನ ಅಭ್ಯಾಸ ನಿಲ್ಲುವುದೂ ಮುಂದುವರಿಯುವುದೂ ಎಷ್ಟೋ ಸಲ ಇಷ್ಟರ ಮೇಲೆಯೇ ನಿಂತಿರುತ್ತದೆ.

ಬಯಲು ನಾಡಿಗೆ ಗೇರು ಯಾಕೆ?

‘ನಮ್ಮ ಕಡೆ ಗುಡ್ಡವೇ ಇಲ್ಲ, ಗೇರು ಯಾಕೆ ಬೇಕು?’ ಎಂದು ಕೇಳುವವರಿದ್ದಾರೆ. ಗುಡ್ಡ ಇಲ್ಲದಿದ್ದರೂ ಗಾಳಿ ಇದೆ. ಆಷಾಢದ ದಿನಗಳಲ್ಲಿ ಪಡುವಣದಿಂದ, ನೈಋತ್ಯದಿಂದ ಬೀಸುವ ಗಾಳಿಗೆ ಎದುರಾಗಿ ಕೊಲ್ಹಾರದ ದಿಕ್ಕಿಗೆ ಸೈಕಲ್ ತುಳಿದು ನೋಡಿರಿ. ಗಾಳಿಯೇ ಗುಡ್ಡವಾಗುತ್ತದೆ. ತಿರುಗಿ ವಿಜಯಪುರದ ಕಡೆ ಹೊರಟರೆ ಅದೇ ಗಾಳಿ ಬೆನ್ನು ತಟ್ಟುತ್ತದೆ.

ಲೆಕ್ಕವನ್ನು ಸ್ವಲ್ಪ ನೋಡೋಣ. ಮುಂದಿನ ಹಲ್ಲುಚಕ್ರಕ್ಕೆ 52 ಹಲ್ಲು, ಹಿಂದಿನದಕ್ಕೆ 13 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂದಿನ ಗಾಲಿ 4 ಸುತ್ತು ತಿರುಗುತ್ತದೆ. ರೇಸ್ ಸೈಕಲ್ಲಿನ ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್. ಅಂದರೆ ಒಂದು ತುಳಿತಕ್ಕೆ ಸುಮಾರು 8.4 ಮೀಟರ್ ದಾರಿ ಸಾಗುತ್ತದೆ. ಮುಂದೆ 42, ಹಿಂದೆ 24 ಹಲ್ಲು ಇದ್ದರೆ ಗಾಲಿ ಒಂದೂ ಮುಕ್ಕಾಲು ಸುತ್ತು ಮಾತ್ರ ತಿರುಗಿ, ಸುಮಾರು 3.7 ಮೀಟರ್ ದಾರಿ ಸಾಗುತ್ತದೆ. ಮೊದಲನೆಯದು ಭಾರ, ಓಟ ಹೆಚ್ಚು. ಎರಡನೆಯದು ಹಗುರ, ಓಟ ಕಡಿಮೆ. ಗಾಳಿ ಎದುರಾದಾಗ ಹಗುರ ಗೇರಿಗೆ, ಗಾಳಿ ಹಿಂದಿದ್ದಾಗ ಭಾರದ ಗೇರಿಗೆ ಹೋಗಿ ಕಾಲಿನ ಲಯವನ್ನು ಒಂದೇ ರೀತಿ ಉಳಿಸಿಕೊಳ್ಳುವುದೇ ಗೇರಿನ ಉದ್ದೇಶ. ಗೇರು ಕೆಟ್ಟ ಸೈಕಲ್ಲಿನ ಸವಾರ ಒಂದೇ ಗೇರಿನಲ್ಲಿ ಒದ್ದಾಡಿ ಮೊಣಕಾಲು ನೋವು ತರಿಸಿಕೊಳ್ಳುತ್ತಾನೆ.

ಗೇರು ನಡೆದು ಬಂದ ದಾರಿ

ಫ್ರಾನ್ಸ್ ದೇಶದ ಪ್ರಸಿದ್ಧ ಸೈಕಲ್ ಪಂದ್ಯ ‘ಟೂರ್ ದ ಫ್ರಾನ್ಸ್’ 1903ರಲ್ಲಿ ಆರಂಭವಾಯಿತು. ಸರಪಣಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಎಂಬ ಸಾಧನಕ್ಕೆ ಆ ಪಂದ್ಯದಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಸವಾರರು ಗುಡ್ಡದ ಬುಡದಲ್ಲಿ ಇಳಿದು, ಹಿಂದಿನ ಗಾಲಿಯನ್ನು ಬಿಚ್ಚಿ, ತಿರುಗಿಸಿ ಹಾಕಿಕೊಳ್ಳುತ್ತಿದ್ದರು. 1951ರಲ್ಲಿ ಇಟಲಿಯ ಕ್ಯಾಂಪಾನ್ಯೋಲೊ ಕಂಪನಿಯ ಗ್ರಾನ್ ಸ್ಪೋರ್ಟ್ ಎಂಬ ಡಿರೇಲರ್ ಮಾರುಕಟ್ಟೆಗೆ ಬಂತು. 1964ರಲ್ಲಿ ಜಪಾನಿನ ಸನ್‌ಟೂರ್ ಕಂಪನಿ ಡಿರೇಲರಿನ ತೋಳನ್ನು ಓರೆಯಾಗಿಸಿ ಅದರ ಕೆಲಸವನ್ನು ಇನ್ನಷ್ಟು ನಯಗೊಳಿಸಿತು.

ಈ ವರ್ಷಗಳಲ್ಲಿ ಗೇರಿನ ಹಿಡಿಕೆ ಹೆಚ್ಚಾಗಿ ಇದ್ದದ್ದು ಚೌಕಟ್ಟಿನ ಓರೆ ಕೊಳವೆಯ ಮೇಲೆ. ಹಿಡಿಕೆಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದಾಗಿತ್ತು. ಅದನ್ನು ಹಿಡಿದಿಡುತ್ತಿದ್ದುದು ವಾಷರುಗಳ ತಿಕ್ಕಾಟ ಮಾತ್ರ. 1984ರ ಹೊತ್ತಿಗೆ ಜಪಾನಿನ ಶಿಮಾನೊ ಕಂಪನಿ ‘ಟಕ್, ಟಕ್’ ಎಂದು ಲೆಕ್ಕವಿಟ್ಟು ನಿಲ್ಲುವ ಹಿಡಿಕೆಯನ್ನು ತಂದಿತು. 1990ರಲ್ಲಿ ಅದೇ ಕಂಪನಿ ಗೇರನ್ನೂ ಬ್ರೇಕನ್ನೂ ಒಂದೇ ಹಿಡಿಕೆಯಲ್ಲಿ ಸೇರಿಸಿತು. ಆಮೇಲೆ ಓರೆ ಕೊಳವೆಯ ಹಿಡಿಕೆಗಳು ಮೆಲ್ಲಗೆ ಮರೆಯಾದವು. ಆದರೂ ಅವುಗಳ ಮಾನ ಹೋಗಿಲ್ಲ. ಇಟಲಿಯಲ್ಲಿ 1997ರಲ್ಲಿ ಆರಂಭವಾದ ‘ಎರೋಯಿಕಾ’ ಎಂಬ ಸೈಕಲ್ ಸವಾರಿಯಲ್ಲಿ ಹಳೆಯ ರೇಸ್ ಸೈಕಲ್ಲುಗಳಿಗೆ ಮಾತ್ರ ಪ್ರವೇಶ. ಗೇರಿನ ಹಿಡಿಕೆ ಓರೆ ಕೊಳವೆಯ ಮೇಲಿರಬೇಕು ಎಂಬುದು ಅಲ್ಲಿನ ಸಾಮಾನ್ಯ ನಿಯಮ.

ಈ ಬರಹದಲ್ಲಿ ನಾವು ಹೇಳುವುದು ಆ ತಿಕ್ಕಾಟದ ಹಿಡಿಕೆಯ ಬಗ್ಗೆ.

ಮೊದಲು ಸೈಕಲ್ಲನ್ನು ನೋಡಿರಿ

ಪಾನಾ ಹಿಡಿಯುವ ಮೊದಲು ಮೂರು ಸಂಗತಿಗಳನ್ನು ಪರೀಕ್ಷಿಸಿರಿ.

ಒಂದು: ಸರಪಣಿ ಸವೆದಿದೆಯೇ? ಚೈನಿನ ಒಂದು ಪೂರ್ತಿ ಜೋಡಿ ಕೊಂಡಿ ಒಂದು ಅಂಗುಲದ್ದು. ಅಂಥ 12 ಜೋಡಿಗಳನ್ನು ಉಕ್ಕಿನ ಅಳತೆಪಟ್ಟಿಯಿಂದ ಅಳೆಯಿರಿ. ಸರಿಯಾಗಿ 12 ಅಂಗುಲ ಇದ್ದರೆ ಚೈನು ಚೆನ್ನಾಗಿದೆ. ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ಹೆಚ್ಚಿದ್ದರೆ ಚೈನನ್ನು ಬದಲಿಸಬೇಕು. ಎಂಟನೆಯ ಒಂದು ಭಾಗದಷ್ಟು ಹೆಚ್ಚಿದ್ದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿರುತ್ತವೆ. ಸವೆದ ಚೈನು ಇಟ್ಟುಕೊಂಡು ತಂತಿ ಎಷ್ಟು ಬಿಗಿದರೂ ಉಪಯೋಗವಿಲ್ಲ. ಹೊಸ ಚೈನು ತರುವಾಗ ಸಾದಾ ಸೈಕಲ್ಲಿನ ದಪ್ಪ ಚೈನು ತರಬೇಡಿರಿ. ಅದು ಗೇರಿನ ಹಲ್ಲುಚಕ್ರಗಳ ನಡುವಿನ ಸಂದಿಗೆ ಅಗಲವಾಗುತ್ತದೆ. ಗೇರಿನ ಸೈಕಲ್ಲಿಗೆಂದೇ ಇರುವ ತೆಳು ಚೈನು ಕೇಳಿ ತನ್ನಿರಿ.

ಎರಡು: ಡಿರೇಲರ್ ನೇರವಾಗಿ ತೂಗುತ್ತಿದೆಯೇ? ಸೈಕಲ್ಲಿನ ಹಿಂದೆ ಕುಳಿತು, ಒಂದು ಕಣ್ಣು ಮುಚ್ಚಿ ನೋಡಿರಿ. ಡಿರೇಲರಿನ ಎರಡು ಪುಟ್ಟ ಗಾಲಿಗಳು ಹಲ್ಲುಚಕ್ರದ ಗೆರೆಗೆ ಸಮನಾಗಿ ನೆಟ್ಟಗೆ ಕೆಳಗಿಳಿದಿರಬೇಕು. ಸೈಕಲ್ಲು ಎಂದಾದರೂ ಬಲಕ್ಕೆ ಬಿದ್ದಿದ್ದರೆ ಅದನ್ನು ತೂಗುಹಾಕುವ ಉಕ್ಕಿನ ಕಿವಿ ಒಳಗೆ ಬಾಗಿರುತ್ತದೆ. ಉಕ್ಕಿನ ಚೌಕಟ್ಟಾದರೆ ಅನುಭವಸ್ಥ ಮೆಕ್ಯಾನಿಕ್ ಮೆಲ್ಲಗೆ ನೇರ ಮಾಡಬಲ್ಲರು.

ಮೂರು: ಹಿಡಿಕೆ ಪ್ಲಾಸ್ಟಿಕ್ಕಿನದೋ ಲೋಹದ್ದೋ? ಫ್ರಾನ್ಸಿನ ಸಿಂಪ್ಲೆಕ್ಸ್ ಕಂಪನಿ 1960ರ ದಶಕದಿಂದ ಪ್ಲಾಸ್ಟಿಕ್ ಬಗೆಯ ಹಿಡಿಕೆ, ಡಿರೇಲರುಗಳನ್ನು ಮಾಡುತ್ತಿತ್ತು. ಅವು ವಯಸ್ಸಾದಂತೆ ಬಿರುಕು ಬಿಡುತ್ತವೆ. ಬಿರುಕು ಕಂಡರೆ ಅಂಥದನ್ನು ಬಳಸಬೇಡಿರಿ.

ಬೇಕಾಗುವ ಸಾಮಾನು

ಗೇರಿನ ಒಳತಂತಿ ಎರಡು, ಹೊರಕವಚ ಸುಮಾರು ಅರ್ಧ ಮೀಟರ್, ಕವಚದ ತುದಿಗೆ ಹಾಕುವ ಲೋಹದ ಟೋಪಿಗಳು, ತಂತಿಯ ತುದಿಗೆ ಹಾಕುವ ಚಿಕ್ಕ ಟೋಪಿಗಳು, ಹರಿತವಾದ ತಂತಿ ಕತ್ತರಿ, ಚಪ್ಪಟೆ ಅರ, ದಬ್ಬಣ, ಸ್ಕ್ರೂ ಡ್ರೈವರ್, ತಿರುಪಿಗೆ ತಕ್ಕ ಪಾನಾ, ಸ್ವಲ್ಪ ಗ್ರೀಸು, ಸೀಮೆಎಣ್ಣೆ, ಹಳೆಯ ಬಟ್ಟೆ.

ತಂತಿಯ ವಿಷಯದಲ್ಲಿ ಎಚ್ಚರ ಬೇಕು. ಗೇರಿನ ತಂತಿ 1.2 ಮಿಲಿಮೀಟರ್ ದಪ್ಪ. ಬ್ರೇಕಿನ ತಂತಿ ಅದಕ್ಕಿಂತ ದಪ್ಪ, 1.5 ಮಿಲಿಮೀಟರಿನಷ್ಟು. ಅಂಗಡಿಯಲ್ಲಿ ‘ಎರಡೂ ಒಂದೇ’ ಎಂದರೆ ಒಪ್ಪಬೇಡಿರಿ. ಹೊರಕವಚದಲ್ಲೂ ಎರಡು ಬಗೆ ಇವೆ. ಸ್ಪ್ರಿಂಗಿನಂತೆ ಸುರುಳಿ ಸುತ್ತಿದ್ದು ಒಂದು. ಉದ್ದುದ್ದ ಉಕ್ಕಿನ ಎಳೆಗಳನ್ನು ಜೋಡಿಸಿದ್ದು ಇನ್ನೊಂದು. ತಿಕ್ಕಾಟದ ಹಿಡಿಕೆಗೆ ಎರಡೂ ನಡೆಯುತ್ತವೆ. ‘ಟಕ್’ ಎನ್ನುವ ಹಿಡಿಕೆಗೆ ಉದ್ದ ಎಳೆಯದೇ ಬೇಕು. ಆದರೆ ಉದ್ದ ಎಳೆಯ ಗೇರಿನ ಕವಚವನ್ನು ಬ್ರೇಕಿಗೆ ಎಂದೂ ಹಾಕಬೇಡಿರಿ. ಬ್ರೇಕನ್ನು ಜೋರಾಗಿ ಹಿಡಿದಾಗ ಆ ಎಳೆಗಳು ಸಿಡಿದು ಬಿಚ್ಚಿಕೊಳ್ಳಬಹುದು. ಆಗ ಬ್ರೇಕೇ ಇಲ್ಲದಂತಾಗುತ್ತದೆ. ಇದು ಜೀವದ ಮಾತು.

ಸೈಕಲ್ಲನ್ನು ನಿಲ್ಲಿಸಲು ಸ್ಟ್ಯಾಂಡು ಇಲ್ಲದಿದ್ದರೆ ಚಿಂತೆ ಇಲ್ಲ. ಸೀಟಿಗೆ ಹಗ್ಗ ಕಟ್ಟಿ ಮನೆಯ ಜಂತಿಗೋ ಬೇವಿನ ಟೊಂಗೆಗೋ ಹಿಂದಿನ ಗಾಲಿ ನೆಲ ಬಿಡುವಂತೆ ತೂಗುಹಾಕಿರಿ. ಕೈಯಿಂದ ಪೆಡಲ್ ತಿರುಗಿಸುತ್ತ ಕೆಲಸ ಮಾಡಲು ಇದು ಅನುಕೂಲ.

ಹಿಡಿಕೆ ಕೂಡಿಸುವುದು

ಬಲಗಡೆಯ ಹಿಡಿಕೆ ಹಿಂದಿನ ಡಿರೇಲರಿಗೆ, ಎಡಗಡೆಯದು ಮುಂದಿನದಕ್ಕೆ. ಕೆಲವು ಚೌಕಟ್ಟುಗಳಲ್ಲಿ ಓರೆ ಕೊಳವೆಗೇ ಗುಬ್ಬಿಗಳನ್ನು ಬೆಸೆದಿರುತ್ತಾರೆ. ಬೇರೆ ಚೌಕಟ್ಟುಗಳಲ್ಲಿ ಉಕ್ಕಿನ ಪಟ್ಟಿಯನ್ನು ಕೊಳವೆಗೆ ಸುತ್ತಿ ಬಿಗಿದಿರುತ್ತಾರೆ. ಹೆಚ್ಚಿನ ಉಕ್ಕಿನ ಸೈಕಲ್ಲುಗಳ ಓರೆ ಕೊಳವೆ 28.6 ಮಿಲಿಮೀಟರ್ ಅಡ್ಡಳತೆಯದು. ಹಳೆಯ ಫ್ರೆಂಚ್ ಸೈಕಲ್ಲಿನದು 28 ಮಿಲಿಮೀಟರ್. ಪಟ್ಟಿ ಸಡಿಲವಾಗಿದ್ದರೆ ತಂತಿ ಎಳೆದಾಗ ಅದು ಕೆಳಗೆ ಜಾರುತ್ತದೆ. ಕೊಳವೆಯ ಅಡಿಯಲ್ಲಿ ಪಟ್ಟಿಯನ್ನು ತಡೆಯುವ ಚಿಕ್ಕ ಮೊಳೆಯಂಥ ಗುರುತು ಇದ್ದರೆ ಪಟ್ಟಿ ಅದಕ್ಕೆ ಆತು ನಿಲ್ಲಲಿ.

ಹಳೆಯ ಹಿಡಿಕೆಯನ್ನು ಬಿಚ್ಚುವಾಗ ಒಂದೊಂದು ವಾಷರನ್ನೂ ಬಿಚ್ಚಿದ ಕ್ರಮದಲ್ಲೇ ಒಂದು ಬಟ್ಟೆಯ ಮೇಲೆ ಸಾಲಾಗಿ ಇಡಿರಿ. ಈ ಒಂದು ಶಿಸ್ತು ಅರ್ಧ ಕೆಲಸವನ್ನು ಉಳಿಸುತ್ತದೆ. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಚೆನ್ನಾಗಿ ಒರೆಸಿರಿ. ಕೂಡಿಸುವಾಗ ಒಳಗಿನ ವಾಷರು ಮೊದಲು, ಆಮೇಲೆ ಹಿಡಿಕೆ, ಅದರ ಮೇಲೆ ತಿಕ್ಕಾಟದ ವಾಷರು, ಅದರ ಮೇಲೆ ಮುಚ್ಚಳದಂಥ ಲೋಹದ ವಾಷರು, ಕೊನೆಗೆ ತಿರುಪು. ಇವುಗಳಲ್ಲಿ ಒಂದು ವಾಷರಿನ ತೂತು ಗುಂಡಗಿರದೆ ಚಪ್ಪಟೆ ಅಂಚಿನದಾಗಿರುತ್ತದೆ. ಗುಬ್ಬಿಯ ಚಪ್ಪಟೆ ಭಾಗಕ್ಕೆ ಅದು ಸರಿಯಾಗಿ ಕೂರಬೇಕು. ಅದರ ಕೆಲಸ ಬಲು ಮುಖ್ಯ. ಹಿಡಿಕೆ ಹಿಂದೆ ಮುಂದೆ ಆಡಿದಾಗ ಆ ಅಲುಗಾಟ ತಿರುಪಿಗೆ ತಲುಪದಂತೆ ತಡೆಯುವುದು ಅದೇ. ಅದನ್ನು ಬಿಟ್ಟು ಕೂಡಿಸಿದರೆ ಗೇರು ಬದಲಿಸಿದಂತೆಲ್ಲ ತಿರುಪು ತಾನಾಗಿ ಬಿಚ್ಚಿಕೊಳ್ಳುತ್ತ ಹೋಗುತ್ತದೆ.

ಪ್ಲಾಸ್ಟಿಕ್ ವಾಷರಿಗೆ ಎಣ್ಣೆ, ಗ್ರೀಸು ಮುಟ್ಟಿಸಬೇಡಿರಿ. ಎಣ್ಣೆ ಹಾಕಿದರೆ ಒಳ್ಳೆಯದಾಗುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ಇಲ್ಲಿ ಮಾತ್ರ ತಿಕ್ಕಾಟವೇ ಬೇಕಾದದ್ದು. ಡಿರೇಲರಿನ ಸ್ಪ್ರಿಂಗು ತಂತಿಯನ್ನು ಸದಾ ಎಳೆಯುತ್ತಿರುತ್ತದೆ. ಆ ಎಳೆತವನ್ನು ಎದುರಿಸಿ ಹಿಡಿಕೆಯನ್ನು ನಿಲ್ಲಿಸುವುದು ಈ ತಿಕ್ಕಾಟ. ತಿರುಪಿನ ತಲೆಯಲ್ಲಿರುವ ಪುಟ್ಟ ಬಳೆಯನ್ನು ಬೆರಳಿನಿಂದ ತಿರುಗಿಸಿ ಬಿಗಿ ಹೊಂದಿಸಬಹುದು. ಹೆಬ್ಬೆರಳಿಗೆ ಸ್ವಲ್ಪ ಬಲ ಹಾಕಿದರೆ ಹಿಡಿಕೆ ಸರಿಯಬೇಕು, ಕೈ ಬಿಟ್ಟರೆ ಅಲ್ಲೇ ನಿಲ್ಲಬೇಕು. ಅದೇ ಸರಿಯಾದ ಹದ.

ಅಂಕೆಯ ತಿರುಪುಗಳು

ತಂತಿ ಕಟ್ಟುವ ಮೊದಲು ಮಾಡಬೇಕಾದ ಕೆಲಸ ಇದು. ಎಷ್ಟೋ ಜನ ಇದನ್ನು ಕೊನೆಗೆ ಮಾಡುತ್ತಾರೆ, ಇಲ್ಲವೆ ಮಾಡುವುದೇ ಇಲ್ಲ. ನಾನೂ ಒಮ್ಮೆ ಹಾಗೆ ಮಾಡಿದವನೇ. ತಂತಿ ಚೆನ್ನಾಗಿ ಬಿಗಿದೆ ಎಂಬ ಉಮೇದಿನಲ್ಲಿ ರಸ್ತೆಗೆ ಹೋಗಿ ಎಲ್ಲಕ್ಕಿಂತ ಹಗುರ ಗೇರಿಗೆ ಎಳೆದೆ. ಡಿರೇಲರ್ ದೊಡ್ಡ ಹಲ್ಲುಚಕ್ರವನ್ನೂ ದಾಟಿ ಗಾಲಿಯ ಕಡ್ಡಿಗಳೊಳಗೆ ಸಿಕ್ಕಿತು. ಗಾಲಿ ಹಠಾತ್ತನೆ ನಿಂತಿತು. ಐದು ಕಡ್ಡಿ ಮುರಿದವು, ಡಿರೇಲರ್ ತಿರುಚಿತು. ನಿಧಾನವಾಗಿದ್ದೆನಾದ್ದರಿಂದ ಮೊಣಕೈ ತರಚಿದ್ದಷ್ಟೇ. ಹೆದ್ದಾರಿಯ ಮೇಲೆ, ಲಾರಿಗಳ ನಡುವೆ, ಓಟದಲ್ಲಿದ್ದಾಗ ಹೀಗಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ನೀವೇ ಊಹಿಸಿರಿ.

ಡಿರೇಲರಿನ ಮೇಲೆ ಎರಡು ಚಿಕ್ಕ ತಿರುಪುಗಳಿವೆ. ಅವು ಡಿರೇಲರ್ ಹೊರಗೆ ಎಷ್ಟು, ಒಳಗೆ ಎಷ್ಟು ಹೋಗಬಹುದೆಂದು ಗಡಿ ಹಾಕುತ್ತವೆ. ‘ಎಚ್’ ಎಂದಿದ್ದರೆ ಅದು ಚಿಕ್ಕ ಹಲ್ಲುಚಕ್ರದ ಕಡೆಯ ಗಡಿ. ‘ಎಲ್’ ಎಂದಿದ್ದರೆ ದೊಡ್ಡ ಹಲ್ಲುಚಕ್ರದ ಕಡೆಯ ಗಡಿ. ಅಕ್ಷರ ಇಲ್ಲದಿದ್ದರೆ ಒಂದೊಂದನ್ನು ತಿರುಗಿಸಿ ಯಾವುದರಿಂದ ಏನಾಗುತ್ತದೆಂದು ನೋಡಿಕೊಳ್ಳಿರಿ.

ತಂತಿ ಇಲ್ಲದಾಗ ಸ್ಪ್ರಿಂಗು ಡಿರೇಲರನ್ನು ಚಿಕ್ಕ ಹಲ್ಲುಚಕ್ರದ ಕಡೆಗೆ ತಳ್ಳಿರುತ್ತದೆ. ಹಿಂದಿನಿಂದ ನೋಡಿರಿ. ಮೇಲಿನ ಪುಟ್ಟ ಗಾಲಿ ಚಿಕ್ಕ ಹಲ್ಲುಚಕ್ರದ ನೇರ ಕೆಳಗೆ ಬರುವವರೆಗೆ ‘ಎಚ್’ ತಿರುಪನ್ನು ಹೊಂದಿಸಿರಿ. ಆಮೇಲೆ ಪೆಡಲ್ ತಿರುಗಿಸುತ್ತ, ಬೆರಳಿನಿಂದ ಡಿರೇಲರನ್ನು ಒಳಗೆ ನೂಕಿರಿ. ಬೆರಳು ಕಡ್ಡಿಗಳಿಗೂ ಚೈನಿಗೂ ದೂರವಿರಲಿ. ಚೈನು ದೊಡ್ಡ ಹಲ್ಲುಚಕ್ರವನ್ನು ಏರಬೇಕು. ಅದಕ್ಕಿಂತ ಒಳಗೆ ಕೂದಲೆಳೆಯಷ್ಟೂ ಹೋಗಬಾರದು. ಹಾಗೆ ‘ಎಲ್’ ತಿರುಪನ್ನು ಬಿಗಿಮಾಡಿರಿ. ಈ ಎರಡು ಗಡಿಗಳು ಸರಿಯಾದ ಮೇಲೆ ತಂತಿಯಲ್ಲಿ ಏನು ತಪ್ಪು ಮಾಡಿದರೂ ಡಿರೇಲರ್ ಕಡ್ಡಿಗೆ ಸಿಗುವ ಭಯವಿಲ್ಲ.

ತಂತಿ ಹಾಯಿಸುವುದು

ಹೊರಕವಚವನ್ನು ಕತ್ತರಿಸುವಾಗ ಹರಿತವಾದ ಕತ್ತರಿ ಬೇಕು. ಇಕ್ಕಳದಲ್ಲಿ ಜಜ್ಜಿದರೆ ತೂತು ಮುಚ್ಚಿಹೋಗುತ್ತದೆ. ಕತ್ತರಿಸಿದ ತುದಿಯನ್ನು ಅರದಿಂದ ಸಮ ಮಾಡಿ, ದಬ್ಬಣದಿಂದ ಒಳಗಿನ ತೂತನ್ನು ಅಗಲಿಸಿ, ಲೋಹದ ಟೋಪಿ ಹಾಕಿರಿ. ಗೇರು ಗಡುಸಾಗಿದೆ ಎಂಬ ದೂರುಗಳಲ್ಲಿ ಹೆಚ್ಚಿನವು ಈ ಒಂದು ತುದಿಯ ಅಚ್ಚುಕಟ್ಟಿಲ್ಲದ ಕೆಲಸದಿಂದ ಹುಟ್ಟುತ್ತವೆ.

ತಂತಿಯ ಉರುಟು ತಲೆ ಹಿಡಿಕೆಯ ತೂತಿನಲ್ಲಿ ಪೂರ್ತಿ ಕೂರಬೇಕು. ಹಳೆಯ ಕ್ಯಾಂಪಾನ್ಯೋಲೊ ಹಿಡಿಕೆಯ ತೂತು ತುಸು ಚಿಕ್ಕದು. ಜಪಾನೀ ಬಗೆಯ ತಂತಿಯ ತಲೆ ಅಲ್ಲಿ ಬಿಗಿಯಾದರೆ ತಲೆಯನ್ನು ಅರದಿಂದ ಸ್ವಲ್ಪ ತಿಕ್ಕಿರಿ. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಮುಂದೊಂದು ದಿನ ತಂತಿ ತುಂಡಾದಾಗ ತಲೆ ಹೊರಗೆ ಬಾರದು.

ಹಿಡಿಕೆಯಿಂದ ಹೊರಟ ತಂತಿ ಓರೆ ಕೊಳವೆಯ ಉದ್ದಕ್ಕೂ ಬರಿಮೈಯಲ್ಲಿ ಇಳಿಯುತ್ತದೆ. ಪೆಡಲಿನ ಅಚ್ಚು ಇರುವ ಬಟ್ಟಲಿನ ಮೇಲೋ ಕೆಳಗೋ ಇರುವ ಕಾಲುವೆಯಲ್ಲಿ ತಿರುಗಿ, ಹಿಂದಿನ ಗಾಲಿಯತ್ತ ಹೋಗುವ ಬಲ ದಂಡದ ಗುಂಟ ಸಾಗಿ, ಅಲ್ಲಿನ ತಡೆಯಲ್ಲಿ ಹೊರಕವಚವನ್ನು ಹೊಕ್ಕು, ಒಂದು ಬಾಗು ತೆಗೆದುಕೊಂಡು ಡಿರೇಲರನ್ನು ಸೇರುತ್ತದೆ. ಈ ಬಾಗಿನ ಉದ್ದವನ್ನು ಕಣ್ಣಿನಿಂದಲೇ ಅಳೆಯಬೇಕು. ಬಹಳ ಗಿಡ್ಡವಾದರೆ ಬಾಗು ಮುರಿದಂತಾಗಿ ತಂತಿ ಹಿಡಿಯುತ್ತದೆ. ಬಹಳ ಉದ್ದವಾದರೆ ಹೊರಗೆ ಚಾಚಿ ಏನಾದರೂ ತಗಲುತ್ತದೆ. ಸಾಮಾನ್ಯವಾಗಿ 25ರಿಂದ 30 ಸೆಂಟಿಮೀಟರ್ ಸಾಕಾಗುತ್ತದೆ.

ಕವಚದ ಒಳಗೆ ಒಂದೆರಡು ಹನಿ ತೆಳು ಎಣ್ಣೆ ಬಿಡಿರಿ. ಒಳಗೆ ಪ್ಲಾಸ್ಟಿಕ್ ಪದರವಿಲ್ಲದ ಹಳೆಯ ಬಗೆಯ ಕವಚವಾದರೆ ತಂತಿಗೆ ಗ್ರೀಸು ತೆಳುವಾಗಿ ಸವರಿರಿ. ಬರಿಮೈ ತಂತಿಗೆ ಮಾತ್ರ ಗ್ರೀಸು ಮೆತ್ತಬೇಡಿರಿ. ನಮ್ಮ ಎರೆಮಣ್ಣಿನ ಧೂಳು ಅದಕ್ಕೆ ಅಂಟಿ ಮಸಿಯಾಗಿ ಗಟ್ಟಿಯಾಗುತ್ತದೆ.

ತಂತಿ ಕಟ್ಟುವುದು

ಬಲ ಹಿಡಿಕೆಯನ್ನು ಪೂರ್ತಿ ಮುಂದಕ್ಕೆ ನೂಕಿರಿ. ಆಗ ತಂತಿ ಸಡಿಲ. ಚೈನು ಚಿಕ್ಕ ಹಲ್ಲುಚಕ್ರದ ಮೇಲಿರಲಿ. ಡಿರೇಲರಿನಲ್ಲಿ ಕೈಯಿಂದ ತಿರುಗಿಸುವ ತಿರುಪು ಇದ್ದರೆ ಅದನ್ನು ಪೂರ್ತಿ ಒಳಗೆ ತಿರುಗಿಸಿ, ಒಂದೆರಡು ಸುತ್ತು ಹೊರಗೆ ತನ್ನಿರಿ. ತಂತಿಯನ್ನು ಕೈಯಿಂದ ಎಳೆದು, ಬಿಗಿತಿರುಪಿನ ವಾಷರಿನ ಕೆಳಗಿರುವ ಚಿಕ್ಕ ಕಾಲುವೆಯಲ್ಲಿ ಕೂರಿಸಿ ಬಿಗಿಯಿರಿ. ಕಾಲುವೆ ಬಿಟ್ಟು ಬೇರೆ ಕಡೆ ಸಿಕ್ಕಿಸಿದರೆ ತಂತಿ ಜಾರುತ್ತದೆ.

ಈಗ ಹಿಡಿಕೆಯನ್ನು ಹಿಂದಕ್ಕೆ ಎಳೆದು ದೊಡ್ಡ ಹಲ್ಲುಚಕ್ರಕ್ಕೆ ಬನ್ನಿರಿ. ಓರೆ ಕೊಳವೆಯ ಮೇಲಿನ ಬರಿ ತಂತಿಯನ್ನು ಹಿಡಿದು ನಾಲ್ಕೈದು ಸಲ ಹೊರಕ್ಕೆ ಮೆಲ್ಲಗೆ ಎಳೆಯಿರಿ. ‘ಹೊಸ ತಂತಿ ಉದ್ದವಾಗುತ್ತದೆ’ ಎನ್ನುವುದುಂಟು. ನಿಜವಾಗಿ ಹೆಚ್ಚಾಗಿ ಆಗುವುದು ಕವಚದ ತುದಿಗಳೂ ಟೋಪಿಗಳೂ ತಮ್ಮ ಜಾಗದಲ್ಲಿ ಒತ್ತಿ ಕೂರುವುದು. ಹೀಗೆ ಎಳೆದರೆ ಅದು ಈಗಲೇ ಆಗಿಹೋಗುತ್ತದೆ. ಮತ್ತೆ ಚಿಕ್ಕ ಹಲ್ಲುಚಕ್ರಕ್ಕೆ ಬಂದು, ತಂತಿ ಜೋತುಬಿದ್ದಿದ್ದರೆ ಬಿಚ್ಚಿ ಎಳೆದು ಕಟ್ಟಿರಿ. ಮೂರು ನಾಲ್ಕು ಸೆಂಟಿಮೀಟರ್ ಬಿಟ್ಟು ಉಳಿದ ತಂತಿ ಕತ್ತರಿಸಿ, ತುದಿಗೆ ಟೋಪಿ ಹಾಕಿ ಒತ್ತಿರಿ. ಟೋಪಿ ಇಲ್ಲದ ತಂತಿ ಎಳೆಎಳೆಯಾಗಿ ಬಿಚ್ಚಿಕೊಂಡು ಬೆರಳಿಗೆ ಮುಳ್ಳಿನಂತೆ ಚುಚ್ಚುತ್ತದೆ.

ಮುಂದಿನ ಡಿರೇಲರ್

ಮುಂದಿನ ಡಿರೇಲರ್ ಎಂದರೆ ಚೈನನ್ನು ಪಕ್ಕಕ್ಕೆ ನೂಕುವ ಒಂದು ಪಂಜರ. ಅದರ ಹೊರ ತಗಡು ದೊಡ್ಡ ಹಲ್ಲುಚಕ್ರಕ್ಕೆ ಸಮಾನಾಂತರವಾಗಿ, ಹಲ್ಲುಗಳಿಂದ 1ರಿಂದ 3 ಮಿಲಿಮೀಟರ್ ಮೇಲಿರಬೇಕು. ಇಲ್ಲಿಯೂ ಎರಡು ಗಡಿ ತಿರುಪುಗಳಿವೆ. ಒಳಗಿನ ಗಡಿ ತಪ್ಪಿದರೆ ಚೈನು ಪೆಡಲ್ ಅಚ್ಚಿನ ಬಟ್ಟಲಿನ ಮೇಲೆ ಬೀಳುತ್ತದೆ. ಹೊರಗಿನ ಗಡಿ ತಪ್ಪಿದರೆ ಪೆಡಲ್ ತೋಳಿನ ಮೇಲೆ ಬೀಳುತ್ತದೆ. ತಂತಿ ಕಟ್ಟುವ ಕ್ರಮ ಹಿಂದಿನದರಂತೆಯೇ. ಎಡ ಹಿಡಿಕೆಯನ್ನು ಪೂರ್ತಿ ಮುಂದೆ ನೂಕಿ, ಚೈನನ್ನು ಚಿಕ್ಕ ಚಕ್ರದ ಮೇಲಿಟ್ಟು ಬಿಗಿಯಿರಿ. ಒಂದು ವ್ಯತ್ಯಾಸ ನೆನಪಿರಲಿ. ಬಲ ಹಿಡಿಕೆ ಹಿಂದಕ್ಕೆ ಎಳೆದರೆ ಗೇರು ಹಗುರಾಗುತ್ತದೆ, ಎಡ ಹಿಡಿಕೆ ಹಿಂದಕ್ಕೆ ಎಳೆದರೆ ಗೇರು ಭಾರವಾಗುತ್ತದೆ.

ಓಡಿಸುವ ಕಲೆ

ತಿಕ್ಕಾಟದ ಹಿಡಿಕೆಗೆ ಕಿವಿಯೇ ಗುರು. ಪೆಡಲ್ ತುಳಿಯುತ್ತಲೇ, ಆದರೆ ಕಾಲಿನ ಬಲ ತುಸು ಕಡಿಮೆ ಮಾಡಿ, ಹಿಡಿಕೆ ಸರಿಸಬೇಕು. ದೊಡ್ಡ ಹಲ್ಲುಚಕ್ರಕ್ಕೆ ಏರಿಸುವಾಗ ಹಿಡಿಕೆಯನ್ನು ಬೇಕಾದದ್ದಕ್ಕಿಂತ ಕೊಂಚ ಹೆಚ್ಚು ಎಳೆದು, ಚೈನು ಏರಿದೊಡನೆ ಕೂದಲೆಳೆಯಷ್ಟು ಮುಂದಕ್ಕೆ ಬಿಡಬೇಕು. ಕರಕರ ಸದ್ದು ನಿಂತಿತೆಂದರೆ ಸರಿಯಾದ ಜಾಗ ಸಿಕ್ಕಿತು. ನಿಂತಾಗ ಹಿಡಿಕೆ ಎಳೆಯಬಾರದು. ಗಾಳಿಯೋ ಏರೋ ಎದುರಾಗುವ ಮೊದಲೇ ಹಗುರ ಗೇರಿಗೆ ಬರಬೇಕು. ಒಂದು ಕೈ ಹ್ಯಾಂಡಲ್ ಬಿಟ್ಟು ಕೆಳಗೆ ಹೋಗುವುದರಿಂದ ಮೊದಲು ವಾಹನವಿಲ್ಲದ ಹೊಲದ ದಾರಿಯಲ್ಲಿ ಅಭ್ಯಾಸ ಮಾಡಿ, ಆಮೇಲೆ ಹೆದ್ದಾರಿಗೆ ಬನ್ನಿರಿ. ಕಣ್ಣು ರಸ್ತೆಯ ಮೇಲಿರಲಿ, ಹಿಡಿಕೆಯನ್ನು ಕೈಯೇ ಹುಡುಕಿಕೊಳ್ಳಲಿ.

ಕೆಲವು ಪ್ರಶ್ನೆಗಳು, ಉತ್ತರಗಳು

ಪ್ರಶ್ನೆ: ಜೋರಾಗಿ ತುಳಿದಾಗ ಗೇರು ತಾನಾಗಿಯೇ ಭಾರಕ್ಕೆ ಜಾರುತ್ತದೆ. ಯಾಕೆ?
ಉತ್ತರ: ಹಿಡಿಕೆಯ ತಿಕ್ಕಾಟ ಸಾಲದು. ತಿರುಪನ್ನು ಕಾಲು ಸುತ್ತು ಬಿಗಿಮಾಡಿರಿ. ಮತ್ತೆ ಮತ್ತೆ ಹಾಗಾದರೆ ವಾಷರಿಗೆ ಎಣ್ಣೆ ತಾಗಿದೆ ಅಥವಾ ವಾಷರು ಸವೆದಿದೆ.

ಪ್ರಶ್ನೆ: ಹಿಡಿಕೆ ಮುಂದೆ ನೂಕಿದರೂ ಚೈನು ಚಿಕ್ಕ ಹಲ್ಲುಚಕ್ರಕ್ಕೆ ಇಳಿಯುವುದಿಲ್ಲ.
ಉತ್ತರ: ತಂತಿ ಅತಿಯಾಗಿ ಬಿಗಿದಿದೆ, ಇಲ್ಲವೆ ಎಲ್ಲೋ ಹಿಡಿಯುತ್ತಿದೆ. ಬಿಗಿತಿರುಪಿನಿಂದ ತಂತಿ ಬಿಚ್ಚಿ ಕೈಯಿಂದ ಎಳೆದು ನೋಡಿರಿ. ತಂತಿ ಸುಗಮವಾಗಿ ಓಡಿದರೆ ‘ಎಚ್’ ತಿರುಪನ್ನು ಪರೀಕ್ಷಿಸಿರಿ. ಓಡದಿದ್ದರೆ ಕವಚ ಬದಲಿಸಿರಿ.

ಪ್ರಶ್ನೆ: ನನ್ನ ಸೈಕಲ್ಲಿಗೆ ಹಿಂದೆ ಐದು ಹಲ್ಲುಚಕ್ರ. ಆರರದು ಹಾಕಬಹುದೇ?
ಉತ್ತರ: ತಿಕ್ಕಾಟದ ಹಿಡಿಕೆಗೆ ಲೆಕ್ಕದ ಹಂಗಿಲ್ಲ. ಇದೇ ಅದರ ದೊಡ್ಡ ಗುಣ. ಆದರೆ ಚೌಕಟ್ಟಿನ ಜಾಗ ನೋಡಬೇಕು. ಹಿಂದಿನ ಗಾಲಿ ಕೂರುವ ಅಂತರ ಐದರದಕ್ಕೆ ಸಾಮಾನ್ಯವಾಗಿ 120 ಮಿಲಿಮೀಟರ್, ಆರು ಏಳರದಕ್ಕೆ 126 ಮಿಲಿಮೀಟರ್. ಅಳೆದು ನೋಡಿ ತೀರ್ಮಾನಿಸಿರಿ.

ಪ್ರಶ್ನೆ: ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿಕೊಂಡು ಗೇರು ನಿಂತುಬಿಡುತ್ತದೆ.
ಉತ್ತರ: ಪೆಡಲ್ ಬಟ್ಟಲಿನ ಕೆಳಗಿನ ಕಾಲುವೆಯಲ್ಲಿ ಮಣ್ಣು ಸೇರಿರುತ್ತದೆ. ಅದು ಒಣಗಿ ಇಟ್ಟಿಗೆಯಂತಾಗುವ ಮೊದಲೇ ನೀರು ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಒರೆಸಿ ಒಂದು ಹನಿ ಎಣ್ಣೆ ಬಿಡಿರಿ.

ಪ್ರಶ್ನೆ: ತಂತಿಯನ್ನು ಯಾವಾಗ ಬದಲಿಸಬೇಕು?
ಉತ್ತರ: ತಂತಿ ತುಂಡಾಗುವ ಮೊದಲು. ಹಿಡಿಕೆಯ ತಲೆಯ ಬಳಿ ಒಂದು ಎಳೆ ಬಿಚ್ಚಿ ನಿಂತರೂ ಅದು ಕೊಟ್ಟ ಸೂಚನೆ. ಹಿಂದಿನ ತಂತಿ ತುಂಡಾದರೆ ಡಿರೇಲರ್ ಎಲ್ಲಕ್ಕಿಂತ ಭಾರದ ಗೇರಿಗೆ ಹೋಗಿ ನಿಲ್ಲುತ್ತದೆ. ಎದುರುಗಾಳಿಯಲ್ಲಿ ಊರು ದೂರವಿದ್ದಾಗ ಅದರ ಕಷ್ಟ ಅನುಭವಿಸಿದವರಿಗೇ ಗೊತ್ತು. ಪಂದ್ಯಕ್ಕೋ ಆಯ್ಕೆಗೋ ಹೋಗುವವರು ಒಂದು ವಾರ ಮೊದಲೇ ಹೊಸ ತಂತಿ ಹಾಕಿ, ಆ ವಾರವೆಲ್ಲ ಅದರಲ್ಲೇ ಓಡಿಸಿರಿ. ಹಿಂದಿನ ರಾತ್ರಿ ಹೊಸ ತಂತಿ ಹಾಕಬೇಡಿರಿ.

ಕೊನೆಯ ಮಾತು

ಬಂಧುಗಳೇ, ಆಲಮಟ್ಟಿಯ ಹಿನ್ನೀರನ್ನು ಮೇಲೆತ್ತಿ ಬಯಲಿಗೆ ಹರಿಸುವ ಏತ ನೀರಾವರಿ ಯೋಜನೆಗೆ ಮುಳವಾಡದ ಹೆಸರಿದೆ. ಅಂಥ ದೊಡ್ಡ ಕೆಲಸದಲ್ಲೂ ಒಂದು ಚಿಕ್ಕ ಕವಾಟ ಸರಿಯಿಲ್ಲದಿದ್ದರೆ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಸೈಕಲ್ಲಿನಲ್ಲಿ ಆ ಕವಾಟದ ಜಾಗದಲ್ಲಿರುವುದು ಈ ತಂತಿ. ಸವಾರನ ಕಾಲಿನ ಬಲ ಗಾಲಿಗೆ ಹದವಾಗಿ ಮುಟ್ಟಬೇಕಾದರೆ ಅದು ಸರಿಯಾಗಿರಬೇಕು.

ನಿಮ್ಮ ಮನೆಯ ಅಟ್ಟದ ಮೇಲೋ, ದನದ ಕೊಟ್ಟಿಗೆಯ ಮೂಲೆಯಲ್ಲೋ ಅಂಥ ಒಂದು ಸೈಕಲ್ಲು ಇದ್ದರೆ ಈ ಭಾನುವಾರ ಕೆಳಗಿಳಿಸಿರಿ. ಧೂಳು ಒರೆಸಿ, ಹಗ್ಗ ಕಟ್ಟಿ ತೂಗುಹಾಕಿರಿ. ಕೆಲಸವನ್ನು ನೀವೇ ಮಾಡಿ ಮುಗಿಸದೆ, ಅದನ್ನು ಓಡಿಸಲಿರುವ ಹುಡುಗನ ಕೈಗೋ ಹುಡುಗಿಯ ಕೈಗೋ ಪಾನಾ ಕೊಡಿರಿ. ತಾನೇ ಕಟ್ಟಿದ ತಂತಿಯನ್ನು ದಾರಿಯಲ್ಲಿ ಕೆಟ್ಟಾಗ ತಾನೇ ಸರಿಮಾಡಿಕೊಂಡು ಮನೆಗೆ ಬರುವ ಧೈರ್ಯ ಅವರಿಗೆ ಇರುತ್ತದೆ. ನೀವು ಪಕ್ಕದಲ್ಲಿ ಕುಳಿತು ಈ ಪುಟವನ್ನು ಓದಿ ಹೇಳಿದರೆ ಸಾಕು.